ಅಪ್ಪನ ತಲೆಯ ಮೇಲಿನ ಆಣೆ

ನಮ್ಮ ಕುರಿಗಳಿಗೆ ಕರ್ನಾಟಕದ ಹುಲ್ಲಿನ ರುಚಿ ಹತ್ತಿದೆ ಎಂದು ನನ್ನ ಅತ್ತೆ ಮೋನಮ್ಮ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಳು. ನಮ್ಮದು ತೆಲಂಗಾಣದ ಮನೂರ್ ಮಂಡಲದ ಗಡಿಯಲ್ಲಿರುವ ಸಣ್ಣ ಊರು. ಹೊಲಗಳು ಮುಗಿದಲ್ಲಿ ಒಂದು ಗುಡ್ಡವಿದೆ, ಗುಡ್ಡ ಇಳಿದರೆ ಕರ್ನಾಟಕ. ಹುಲ್ಲಿಗೆ ರಾಜ್ಯ ಗೊತ್ತಿಲ್ಲ, ಈಚೆ ಬೆಳೆಯುವುದೇ ಆಚೆಯೂ ಬೆಳೆಯುತ್ತದೆ. ಆದರೂ ನನ್ನ ಗಂಡ ಭೀಮಾಶಂಕರ ಬೆಳಗ್ಗೆ ಹಿಂಡು ಬಿಟ್ಟುಕೊಂಡು ಹೊರಟರೆ ನೇರವಾಗಿ ಗುಡ್ಡ ಹತ್ತುತ್ತಿದ್ದ. ಈಚೆ ಎಷ್ಟೇ ಮೇವಿದ್ದರೂ ಅವನಿಗೆ ಆಚೆಯದೇ ಬೇಕು. "ನನ್ನ ಮಗಗ ಕುರಿ ಹೊಟ್ಟಿ ಗೊತ್ತದ" ಎಂದು ಅತ್ತೆ ಬೀಗುತ್ತಿದ್ದಳು. ನಾನೂ ನಂಬಿದ್ದೆ. ನಂಬುವುದಕ್ಕೆ ಖರ್ಚೇನೂ ಇಲ್ಲವಲ್ಲ.

ನಿಜ ಸಂಗತಿ ಬೇರೆ ಇತ್ತು. ಫೋನಿನಲ್ಲಿ ರೊಕ್ಕ ಕಟ್ಟಿ ಇಸ್ಪೀಟು ಆಡುವುದನ್ನು ತೆಲಂಗಾಣದಲ್ಲಿ ಬಂದ್ ಮಾಡಿದ್ದರು. ಈಚೆ ನಿಂತು ಆಟ ತೆರೆದರೆ, ನಿಮ್ಮ ರಾಜ್ಯದಲ್ಲಿ ಇದು ನಡೆಯುವುದಿಲ್ಲ ಎಂದು ಫೋನೇ ಹೇಳುತ್ತಿತ್ತು. ಆಗ ಗುಡ್ಡದ ಆಚೆ ಇನ್ನೂ ನಡೆಯುತ್ತಿತ್ತು. ನನ್ನ ಗಂಡ ಇಡೀ ಹಿಂಡನ್ನು ದಿನಾಲೂ ಗಡಿ ದಾಟಿಸುತ್ತಿದ್ದದ್ದು ಹುಲ್ಲಿಗಲ್ಲ, ಆ ಎಲೆಗಳಿಗೆ.

ಇದು ನಮಗೆ ತಿಳಿದದ್ದು ಶಂಕ್ರೆಪ್ಪನಿಂದ. ಅವನ ತೊಗರಿ ಹೊಲ ಗುಡ್ಡದ ಆಚೆ ಮಗ್ಗುಲಿಗಿದೆ. ಒಂದು ಸಂಜೆ ನಮ್ಮ ಅಂಗಳಕ್ಕೆ ಬಂದು, ಕೊಟ್ಟ ನೀರನ್ನೂ ಕುಡಿಯದೆ, ಅತ್ತೆಯ ಮುಂದೆ ಕುಳಿತ.

"ನಿಮ್ಮ ಕುರಿ ತೊಗರಿ ತಿಂದಾವ ಅಂತ ಜಗಳಕ್ಕ ಬಂದಿಲ್ಲವ್ವ. ಮೂಕ ಪ್ರಾಣಿ, ಆಗ್ತದ. ಆದ್ರ ನಿನ್ನ ಮಗ ಬೇವಿನ ಗಿಡದ ಬುಡಕ ಕುಂತು ಫೋನ್ ನೋಡ್ಲತ್ತಿದ್ದ. ನಾ ಒದರಿದೆ, ಕೇಳಲಿಲ್ಲ. ಬಾಜೂಕ ಕಲ್ಲ ಒಗದೆ, ಕಣ್ಣ ಎತ್ತಲಿಲ್ಲ. ಸತ್ತಾನೇನೋ ಅಂತ ಅಂಜಿ ಹತ್ತಿರ ಹೋದೆ. ಬಟ್ಟು ಒಂದೇ ಆಡ್ಲತ್ತಿತ್ತು."

ಅಂದು ಒಂದೊಂದೇ ಬಯಲಿಗೆ ಬಂತು. ಆ ವರ್ಷ ನಮ್ಮ ಹಿಂಡಿನ ಮರಿಗಳನ್ನು ತೋಳ ಒಯ್ದದ್ದು ಬಹಳ. ನಮ್ಮ ಕಡೆ ತೋಳ ಕಂಡು ಎಷ್ಟು ಕಾಲವಾಯಿತೋ, ಆದರೂ ಗಂಡ ಹೇಳಿದ, ನಾವು ಕೇಳಿದೆವು. ಆ ತೋಳ ಮರಿಗಳನ್ನು ತಿನ್ನುತ್ತಿರಲಿಲ್ಲ, ಆಚೆ ಊರಿನ ಸಂತೆಗೆ ಒಯ್ದು ಮಾರುತ್ತಿತ್ತು. ಅದಕ್ಕೆ ನನ್ನ ಗಂಡನ ಮೀಸೆಯೇ ಇತ್ತು. ಈಗ ಹೀಗೆ ಹಗುರವಾಗಿ ಹೇಳುತ್ತೇನೆ. ಅಂದು ನನಗೆ ಬಂದ ಸಿಟ್ಟಿಗೆ ಒಲೆಯ ಮೇಲಿನ ರೊಟ್ಟಿ ಕರಿದಾಗುವವರೆಗೂ ನೋಡುತ್ತ ನಿಂತಿದ್ದೆ.

ಅತ್ತೆ ಕೂಗಾಡಲಿಲ್ಲ. ಅವಳಿಗೆ ಇಂಥದ್ದಕ್ಕೆಲ್ಲ ಒಂದೇ ಮದ್ದು ಗೊತ್ತಿತ್ತು. ಮರುದಿನ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಜಗಲಿಯ ಮೇಲಿನ ಬೀರಪ್ಪನ ಮುಂದೆ ಇಟ್ಟಿದ್ದ ಭಂಡಾರ ತಂದಳು. ಭಂಡಾರ ಎಂದರೆ ದೇವರ ಅರಿಶಿನ. ನಮ್ಮ ಕುರಿ ಕಾಯುವ ಮನೆಗಳಲ್ಲಿ ಅದನ್ನು ಮುಟ್ಟಿ ಆಡಿದ ಮಾತು ಮುರಿಯುವವರು ಇಲ್ಲ. ಮಾವ ಅಮೋಘಸಿದ್ದ ಅಂಗಳದಲ್ಲಿ ಕುಳಿತು ಕದಿರು ತಿರುಗಿಸುತ್ತ ಉಣ್ಣೆ ನೂಲುತ್ತಿದ್ದ. ಬಹಳ ಮೆತ್ತಗಿನ ಮನುಷ್ಯ. ಅತ್ತೆ ಅವನ ರುಮಾಲು ತೆಗೆದು ಪಕ್ಕಕ್ಕಿಟ್ಟು, ಬೋಳು ತಲೆಯ ಮೇಲೆ ಭಂಡಾರ ಹಚ್ಚಿದಳು.

"ನನ್ನ ತಲಿ ಯಾಕ ನಡುವ ತರ್ತಿ?" ಎಂದ ಮಾವ.

"ನಿನ್ನ ತಲಿ ಬಿಟ್ರ ಅಂವ ಬ್ಯಾರೆ ಯಾವುದಕ್ಕ ಅಂಜ್ತಾನ?" ಎಂದಳು ಅತ್ತೆ. ಮಗನ ಕೈ ಹಿಡಿದೆಳೆದು ಆ ತಲೆಯ ಮೇಲೆ ಇರಿಸಿದಳು. "ಇನ್ನ ಆಡಿದ್ರ ನಮ್ಮಪ್ಪನ ತಲಿ ಹೋಗ್ಲಿ. ಅನ್ನು."

ಗಂಡ ನೆಲ ನೋಡುತ್ತ ಅಂದ. ಮಾವ ಕೈ ನಿಲ್ಲಿಸದೆ ನೂಲು ತಿರುಗಿಸುತ್ತಲೇ ಇದ್ದ. ನನಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಅದನ್ನು ಬಚ್ಚಿಡುವುದೇಕೆ, ಆಣೆ ಮಾಡಿಸಿದ್ದು ನನಗೂ ಸರಿ ಎನಿಸಿತ್ತು. ತಂದೆಯ ಜೀವ ಇಟ್ಟು ಮಾತು ಕೊಟ್ಟವನು ತಪ್ಪುತ್ತಾನೆಯೇ?

ಹೋಳಿ ಹುಣ್ಣಿಮೆ ದಾಟಿದ ಮೇಲೆ ಒಂದು ಮಧ್ಯಾಹ್ನ ಮಾವ ಅದೇ ಅಂಗಳದಲ್ಲಿ ಎದೆ ಹಿಡಿದುಕೊಂಡು ಕುಸಿದ. ಅದಕ್ಕೂ ಮೊದಲು ತಿಂಗಳುಗಟ್ಟಲೆ ಎದೆ ಉರಿ ಎನ್ನುತ್ತಿದ್ದ, ಗ್ಯಾಸು ಎಂದು ಸೋಡಾ ಕುಡಿದು ಸುಮ್ಮನಾಗುತ್ತಿದ್ದ. ನಾನು ಗಂಡನಿಗೆ ಮೇಲಿಂದ ಮೇಲೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಓಣಿಯವರೇ ಆಟೋದಲ್ಲಿ ನಾರಾಯಣಖೇಡದ ದವಾಖಾನೆಗೆ ಒಯ್ದರು. ಎದೆಯ ನರ ಕಟ್ಟಿಕೊಂಡು ಬಹಳ ದಿನವಾಗಿತ್ತು, ತಡವಾಯಿತು ಎಂದರು ಅಲ್ಲಿಯ ಡಾಕ್ಟರು. ಗಂಡ ಬಂದದ್ದು ಹೆಣ ಮನೆಗೆ ಬಂದ ಮೇಲೆ. ಸಿಗ್ನಲ್ ಇರಲಿಲ್ಲ ಎಂದ. ಹೊಲದ ಮೂಲೆಯಲ್ಲಿ ಒಡ್ಡಿನ ಬದಿಗೆ ಮಣ್ಣು ಮಾಡುವಾಗ ಎಲ್ಲರೂ ಮುಷ್ಟಿ ಮಣ್ಣು ಹಾಕಿದರು. ಇವನು ಹಿಂದೆ ಹಿಂದೆ ಸರಿದ. ದುಃಖಕ್ಕೆ ಕೈ ಬರುತ್ತಿಲ್ಲ ಎಂದು ಹಿರಿಯರು ಅವನ ಮುಷ್ಟಿ ಹಿಡಿದು ಹಾಕಿಸಿದರು.

ಅಲ್ಲಿಂದ ಅವನು ಮಾತು ಬಿಟ್ಟ. ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೇ. ನಮ್ಮ ಮಗಳು ಸ್ವಾತಿ ತೊಡೆಯೇರಿ ಕುಳಿತರೂ ಇಳಿಸಿ ಎದ್ದು ಹೋಗುತ್ತಿದ್ದ. ಹಿಂಡು ಮತ್ತೆ ಗುಡ್ಡ ಹತ್ತಿತು, ತೋಳವೂ ಮತ್ತೆ ಬಂತು. ನಾನು ನೋಡುವಷ್ಟು ನೋಡಿ ಒಂದು ದಿನ ಅತ್ತೆಗೆ ಹೇಳಿಯೇಬಿಟ್ಟೆ, "ಅತ್ತಿ, ಇವ್ರು ಮತ್ತ ಆಡ್ಲತ್ತಾರ."

"ಆಡಿಲ್ಲ. ಅಪ್ಪನ ತಲಿ ಮುಟ್ಯಾನ ಅಂವ. ಅಂವ ಆಡಿದ್ದಾದ್ರ..."

ಅಲ್ಲಿಗೆ ಅವಳ ಬಾಯಿ ಕಟ್ಟಿತು. ಮುಂದಿನ ಮಾತು ಏನೆಂದು ಇಬ್ಬರಿಗೂ ಗೊತ್ತಿತ್ತು. ಅವನು ಆಡಿದ್ದಾದರೆ ಅವನೇ ಅಪ್ಪನನ್ನು ಕೊಂದ. ಆದ್ದರಿಂದ ಅವನು ಆಡಿಲ್ಲ. ಮರಿಗಳು ಹೋದರೂ, ಮನೆಗೆ ಯಾರು ಯಾರೋ ಬಂದು ಬಾಕಿ ಕೇಳಿದರೂ, ಮೋನಮ್ಮನ ಮಗ ಆಡಿಲ್ಲ. ಆ ಅರ್ಧಕ್ಕೆ ನಿಂತ ಮಾತು ನಮ್ಮ ನಡುಮನೆಯಲ್ಲಿ ಬಿದ್ದುಕೊಂಡಿತ್ತು, ನಾವು ಮೂವರೂ ಅದನ್ನು ದಾಟಿಕೊಂಡು ಓಡಾಡುತ್ತಿದ್ದೆವು.

ನಾರಾಯಣಖೇಡದಲ್ಲಿ ಗಂಡನನ್ನು ಒಬ್ಬ ಡಾಕ್ಟರಿಗೆ ತೋರಿಸಿದೆ. ನಿಶ್ಶಕ್ತಿ ಎಂದು ಸೂಜಿ ಚುಚ್ಚಿ ಕಳಿಸಿದ. ಕೊನೆಗೆ ದಾರಿ ತೋರಿಸಿದವಳು ನಮ್ಮೂರ ಆಶಾ ಕಾರ್ಯಕರ್ತೆ ಪ್ರೇಮಲಾ. "ಇದು ಬರೇ ಚಟ ಅಲ್ಲ ಪೂರ್ಣಿಮಾ, ಬ್ಯಾನಿ ಅದ. ಇದಕ್ಕಂತಲೇ ಓದಿದ ಡಾಕ್ಟರ್ ಇರ್ತಾರ. ಜಹೀರಾಬಾದಿಗಿ ಗುರುವಾರಕ್ಕೊಮ್ಮೆ ಹೈದರಾಬಾದಿಂದ ಒಬ್ಬ ಡಾಕ್ಟರಮ್ಮ ಬರ್ತಾಳ. ಸೌಮ್ಯಾ ಅಂತ. ಬೈಯಂಗಿಲ್ಲ, ಕೇಳ್ತಾಳ." ಜೂಜಿಗೂ ಡಾಕ್ಟರು ಇರುತ್ತಾರೆ ಎನ್ನುವುದು ನನಗೆ ಅಂದೇ ಗೊತ್ತಾದದ್ದು.

ಗಂಡ ಒಲ್ಲೆನೆಂದ. ನಾನು ಸೀರೆ ಬದಲಿಸಿ ಚೀಲ ಹಿಡಿದು ಬಾಗಿಲಲ್ಲಿ ನಿಂತೆ. "ನೀವು ಬರಬ್ಯಾಡ್ರಿ. ನಾನೇ ಹೋಗ್ತೀನಿ. ಹುಚ್ಚು ಹಿಡದದ್ದು ನನಗ ಅಂತ ಹೇಳಿ ಔಷಧ ತರ್ತೀನಿ. ಖರೇನೂ ಅದೇ." ಓಣಿಯ ತಿರುವಿನವರೆಗೆ ಹೋಗಿ ತಿರುಗಿ ನೋಡಿದರೆ ಹಿಂದೆ ಬರುತ್ತಿದ್ದ, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

ಡಾಕ್ಟರು ಸೌಮ್ಯಾ ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಕನ್ನಡ ಬಾರದು, ತೆಲುಗು. ನನ್ನ ತವರು ತಾಂಡೂರಿನ ಹತ್ತಿರ ಪೆದ್ದೆಮುಲ್ ಕಡೆ, ತೆಲುಗು ಶಾಲೆಯಲ್ಲಿ ಓದಿದವಳು ನಾನು. ಗಂಡನಿಗೆ ತೆಲುಗು ಅರ್ಥವಾಗುತ್ತದೆ, ಆದರೆ ಮನಸ್ಸಿನ ಮಾತು ಅದರಲ್ಲಿ ಬರುವುದಿಲ್ಲ. ಹಾಗಾಗಿ ನಡುವೆ ನಾನು.

ಅವರು ಕೇಳಿದ್ದು ನಾನು ಎಣಿಸಿದ ಪ್ರಶ್ನೆಗಳಲ್ಲ. ಎಷ್ಟು ಕಳೆದೆ ಎಂದು ಕೇಳಲೇ ಇಲ್ಲ. ಆಡಬೇಕು ಎನಿಸುವುದಕ್ಕೆ ಮೊದಲು ಮೈಯಲ್ಲಿ ಏನಾಗುತ್ತದೆ, ಒಬ್ಬನೇ ಇರುವಾಗಲೋ ಜಗಳವಾದ ಮೇಲೋ, ಗೆದ್ದ ದಿನ ಖುಷಿಯಾಗುತ್ತದೆಯೋ ಇಲ್ಲವೋ, ಇಂಥವು. ಕೊನೆಗೆ, "ಜೀವ ಸಾಕು ಅನಿಸಿದ್ದಿದೆಯಾ?" ಎಂದರು.

ನಾನು ಆ ಮಾತನ್ನು ಕನ್ನಡಕ್ಕೆ ತರುವ ಮೊದಲೇ ಗಂಡ ಉತ್ತರ ಕೊಟ್ಟ. "ಕುರಿ ಯಾರು ನೋಡ್ತಾರ್ರಿ."

ಇಲ್ಲ ಎನ್ನಲಿಲ್ಲ ಅವನು. ಡಾಕ್ಟರು ಅದನ್ನು ಅಲ್ಲಿಗೇ ಬಿಡದೆ ಮೆಲ್ಲಗೆ ಇನ್ನಷ್ಟು ಕೇಳಿದರು. ನನ್ನ ಕಡೆ ತಿರುಗಿ, ಇವರನ್ನು ಒಬ್ಬರನ್ನೇ ದೂರ ಕಳಿಸಬೇಡಿ, ಇಂಥ ಯೋಚನೆ ಬಂದರೆ ಯಾವ ಹೊತ್ತಿಗಾದರೂ ಇಲ್ಲಿಗೆ ಫೋನ್ ಮಾಡಿ ಎಂದು ನಂಬರು ಕೊಟ್ಟರು. ಆಮೇಲೆ ಅವನನ್ನು ಕೇಳಿದರು, "ಕೊನೆಯ ಸಲ ಆಡಿದ್ದು ಯಾವಾಗ?"

"ಆಣಿ ಮಾಡಿದ ಮ್ಯಾಲ ಆಡಿಲ್ಲ."

ಅವರು ಬರೆಯುವುದನ್ನು ನಿಲ್ಲಿಸಿದರು. ಸುಳ್ಳು ಎಂದು ಗೊತ್ತಾಗಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ಆದರೂ ದನಿ ಏರಿಸದೆ, ಇದು ಹೋಗಿ ಬಂದು ಮಾಡುವ ರೋಗ, ಬಿಟ್ಟವರು ಮತ್ತೆ ಆಡುವುದುಂಟು, ಆಡಿದ ದಿನ ಬಂದು ಹೇಳಿದರೆ ಮಾತ್ರ ಯಾಕೆ ಆಯಿತು ಎಂದು ನೋಡಿ ಮುಂದಿನ ದಾರಿ ಹುಡುಕಬಹುದು ಎಂದರು. ಕುರಿ ಕಾಯಲು ಹೋಗುವಾಗ ಗುಂಡಿಯ ಸಾದಾ ಫೋನ್ ಒಯ್ಯಬೇಕು, ಮರಿ ಮಾರುವ ವ್ಯವಹಾರ ನನ್ನ ಕೈಗೆ ಬರಬೇಕು, ನಿದ್ದೆಗೆ ಗುಳಿಗೆ. ಹೊರಡುವಾಗ ಆಣೆಯ ಕಥೆಯನ್ನು ನನ್ನಿಂದ ಕೇಳಿ, ಮುಂದಿನ ಸಲ ಇವರ ತಾಯಿಯನ್ನು ಕರೆದುಕೊಂಡು ಬನ್ನಿ ಎಂದರು.

ಜಹೀರಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ನಾರಾಯಣಖೇಡದ ಬಸ್ಸಿಗೆ ಕಾಯುತ್ತ ಕುಳಿತೆವು. ನನಗೆ ತಡೆಯಲಾಗಲಿಲ್ಲ. "ಡಾಕ್ಟರ್ ಮುಂದೂ ಸುಳ್ಳ ಹೇಳ್ತೀರಲ್ರಿ. ಮತ್ತ ಯಾರಿಗಿ ಖರೇ ಹೇಳೋರು ನೀವು?"

"ಖರೇ ಹೇಳಿದ್ರ ಏನಾಗ್ತದ ಗೊತ್ತದೇನು ನಿನಗ?" ಎಂದ. ಎಷ್ಟೋ ದಿನಗಳ ಮೇಲೆ ನನ್ನ ಕಣ್ಣಿಗೆ ಕಣ್ಣು ಕೊಟ್ಟಿದ್ದ. "ಆಣಿ ಮಾಡಿ ವಾರ ಆಗಿರ್ಲಿಲ್ಲ ಪೂರ್ಣಿ. ಗುಡ್ಡ ಇಳ್ದು ಆಡಿದೆ. ಆಡ್ಕೋತನೇ ಇದ್ದೆ. ಅಪ್ಪ ಹೋಗ್ಯಾನ. ಅಂವಗ ನಾ ತಿಂದೀನಿ."

ನಾನು ಕೂಡಲೇ ಹೇಳಬೇಕಾದದ್ದನ್ನು ಹೇಳಿದೆ. ಮಾವನಿಗೆ ಎದೆನೋವು ಮೊದಲಿಂದಲೇ ಇತ್ತು, ನರ ಕಟ್ಟಿತ್ತು, ಡಾಕ್ಟರೇ ಹೇಳಿದರಲ್ಲ ಎಂದೆ. ಬಾಯಿ ಹಾಗೆ ಹೇಳುತ್ತಿದ್ದರೆ ಹೊಟ್ಟೆಯೊಳಗೆ ಬೇರೆಯೇ ಒಂದು ಎದ್ದು ಕುಳಿತಿತ್ತು. ಹೌದೇನೋ, ಇವನೇ ತಿಂದನೇನೋ. ಭಂಡಾರ ಮುಟ್ಟಿದ ಮಾತಲ್ಲವೇ? ಒಂದು ಗಳಿಗೆ ಅವನ ಪಕ್ಕದಿಂದ ಎದ್ದು ಹೋಗಬೇಕೆನಿಸಿತು. ಅವನಿಗೆ ನನ್ನ ಮಾತು ಕೇಳಿಸಲಿಲ್ಲ, ಮುಖ ಕಾಣಿಸಿತು. ತಲೆ ತಗ್ಗಿಸಿದ. ಬಸ್ಸು ಬಂದರೂ ನಾನೇ ತೋಳು ಹಿಡಿದು ಎಬ್ಬಿಸಬೇಕಾಯಿತು.

ಅಂದೇ ನನಗೆ ಅರ್ಥವಾದದ್ದು, ಅವನು ಸಿಕ್ಕಿಕೊಂಡದ್ದು ಆಟದಲ್ಲಿ ಮಾತ್ರ ಅಲ್ಲ. ರೋಗ ವಾಸಿಯಾಗಬೇಕಾದರೆ ಆಡಿದ್ದನ್ನು ಒಪ್ಪಬೇಕು. ಒಪ್ಪಿದರೆ ತಾಯಿಯ ಮುಂದೆ ಅಪ್ಪನನ್ನು ಕೊಂದವನಾಗಬೇಕು. ಆ ಭಾರ ಮರೆಯಲು ಅವನಿಗೆ ಗೊತ್ತಿದ್ದದ್ದು ಮತ್ತೆ ಗುಡ್ಡ ಇಳಿಯುವುದು ಒಂದೇ. ಹೀಗೇ ಬಿಟ್ಟರೆ ಒಂದು ದಿನ ಹಿಂಡು ತಾನಾಗಿ ಮನೆಗೆ ಬರುತ್ತದೆ, ಇವನು ಬರುವುದಿಲ್ಲ ಎಂಬ ಅಂಜಿಕೆ ನನ್ನನ್ನು ಬಿಡಲೇ ಇಲ್ಲ. ನೆರೆಯ ಆತ್ಮಾರಾಮನಿಗೆ ಕೈಮುಗಿದು ಅವನ ಹಿಂಡೂ ನಮ್ಮದೂ ಕೂಡಿಯೇ ಮೇಯುವಂತೆ ಮಾಡಿದೆ. ಕಾರಣ ಕೇಳದೆ ಒಪ್ಪಿದ ಪುಣ್ಯಾತ್ಮ.

ಅತ್ತೆಯನ್ನು ಕರೆದೊಯ್ಯುವುದು ಸುಲಭವಾಗಲಿಲ್ಲ. ಮಗನಿಗೆ ನಿದ್ದೆ ಬರುವುದಿಲ್ಲ, ಅದಕ್ಕೆ ಡಾಕ್ಟರು ತಾಯಿಯನ್ನೂ ನೋಡಬೇಕಂತೆ ಎಂದು ಹೇಳಿ ಹೊರಡಿಸಿದೆ. ದಾರಿಯುದ್ದಕ್ಕೂ ಆಟೋದಲ್ಲಿ ಪರಿಚಯದವರಿಗೆಲ್ಲ ಅವಳು ಹೇಳಿದ್ದು ಅದನ್ನೇ, ಮಗನಿಗೆ ನಿದ್ದೆ ಇಲ್ಲ. ಒಂದು ತರದಲ್ಲಿ ಅದು ಸುಳ್ಳೂ ಅಲ್ಲ.

ಡಾಕ್ಟರು ಅತ್ತೆಗೆ ಕುರ್ಚಿ ಕೊಟ್ಟರು. ಮಾವನ ಬಗ್ಗೆ ವಿಚಾರಿಸಿದರು. ಮಗನ ಗುಟ್ಟು ಬಿಡಲಿಲ್ಲ, ಸುತ್ತಿ ಬಳಸಿ ಹೇಳಿದರು. ಕಾಲಿಗೆ ಗಾಯವಾದರೆ, ಇನ್ನು ಕೀವು ಸೋರಬಾರದು ಎಂದು ಕಾಲಿನಿಂದ ಆಣೆ ಮಾಡಿಸುವುದಿಲ್ಲ. ಮಾಡಿಸಿದರೆ ಕೀವೇನೂ ನಿಲ್ಲುವುದಿಲ್ಲ, ಮನುಷ್ಯ ಗಾಯ ಮುಚ್ಚಿಕೊಂಡು ಓಡಾಡುತ್ತಾನೆ, ಅಷ್ಟೇ. "ಆ ಆಣೆ ಇರುವವರೆಗೆ ನಿಮ್ಮ ಮಗ ನನಗೆ ನಿಜ ಹೇಳಲಾರ. ನಿಜ ಗೊತ್ತಿಲ್ಲದೆ ನಾನು ಏನೂ ಮಾಡಲಾರೆ. ದಯವಿಟ್ಟು ಅದನ್ನು ತೆಗೆಯಿರಿ."

ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಸೆರಗು ಹೊದ್ದುಕೊಂಡಳು. "ದೇವ್ರ ಮುಂದ ಹಾಕ್ಸಿದ ಆಣಿ. ಹ್ಯಾಂಗ ತೆಗೀಬೇಕಂತ, ಕೇಳು."

ಡಾಕ್ಟರು ನಕ್ಕು, ವಾತಾವರಣ ಹಗುರವಾಗಲೆಂದೋ ಏನೋ, ಅತ್ತೆಗೇ ನೇರವಾಗಿ ಹೇಳಿದರು, "ಒಟ್ಟು ತೀಸಿ ಗಟ್ಟು ಮೀದ ಪೆಟ್ಟಂಡಿ ಅಮ್ಮಾ."

ಇದು ತೆಲುಗು ಮಂದಿ ಆಡುಮಾತಿನಲ್ಲಿ ಅನ್ನುವುದು. ಆಣೆ ತೆಗೆದು ಒಡ್ಡಿನ ಮೇಲೆ ಇಡು ಎಂದರೆ, ಆಣೆ ಗೀಣೆ ಎಲ್ಲ ಆಚೆಗಿರಲಿ, ಬಿಟ್ಟುಬಿಡು ಎಂದು. ಪೆದ್ದೆಮುಲ್‌ನ ಶಾಲೆಯ ಅಂಗಳದಲ್ಲಿ ನಾವು ಹುಡುಗಿಯರು ದಿನಕ್ಕೆ ಎಷ್ಟು ಸಲ ಅನ್ನುತ್ತಿದ್ದೆವೋ. ಒಡ್ಡು ಎಲ್ಲಿಯದು ಎಂದು ಯಾರೂ ಕೇಳಿದ್ದಿಲ್ಲ.

ಅತ್ತೆ ಕೇಳಿದಳು. ಅವಳ ತೆಲುಗು ಸಂತೆಯಲ್ಲಿ ಕುರಿ ಮಾರಿ ಕಲಿತದ್ದು, ಒಂದೊಂದು ಶಬ್ದಕ್ಕೂ ಅದರದ್ದೇ ಅರ್ಥ ಹಿಡಿಯುವಂಥದ್ದು. ಮುಖ ಗಂಭೀರ ಮಾಡಿ ನನ್ನ ಕಡೆ ವಾಲಿದಳು. "ಯಾವ ಒಡ್ಡಿನ ಮ್ಯಾಲ ಇಡಬೇಕಂತ? ನಮ್ಮ ಹೊಲದ್ದೇ ಆಗಬೇಕೋ, ಯಾರದಾದ್ರೂ ನಡೀತದೋ?"

ನನಗೆ ನಗು ಗಂಟಲವರೆಗೆ ಬಂತು. ಹಾಗಲ್ಲ ಅತ್ತಿ, ಅದು ಬರೀ ಮಾತು ಎಂದು ಹೇಳುವುದಕ್ಕೆ ಬಾಯಿ ತೆರೆದವಳು ಗಂಡನನ್ನು ನೋಡಿದೆ. ಅವನು ನಗುತ್ತಿರಲಿಲ್ಲ. ಡಾಕ್ಟರ ಬಾಯಿಂದ ಏನು ಬರುತ್ತದೋ ಎಂದು ಉಸಿರು ಹಿಡಿದು ಕಾಯುತ್ತಿದ್ದ. ಯಾವ ಒಡ್ಡು ಎನ್ನುವುದರ ಮೇಲೆ ತನ್ನ ಜೀವವೇ ನಿಂತಿದೆ ಎಂಬಂತಿತ್ತು ಆ ಮುಖ. ನಗು ಒಳಗೇ ಹೋಯಿತು. ಅತ್ತೆಯ ಪ್ರಶ್ನೆಯನ್ನು ಇದ್ದ ಹಾಗೆಯೇ ತೆಲುಗಿನಲ್ಲಿ ಡಾಕ್ಟರಿಗೆ ಕೇಳಿದೆ.

ಸೌಮ್ಯಾ ನನ್ನನ್ನು ನೋಡಿದರು, ಅತ್ತೆಯನ್ನು, ಆಮೇಲೆ ಅವನನ್ನು. ಪೆನ್ನು ಕೆಳಗಿಟ್ಟರು. "ತಲೆ ಯಾರದೋ, ಅವರ ಒಡ್ಡಿನ ಮೇಲೆ" ಎಂದರು.

ಅತ್ತೆ ಆಗಲಿ ಎಂಬಂತೆ ತಲೆಯಾಡಿಸಿದಳು. ಔಷಧದ ಚೀಟಿ ಹೇಗೆ ತಗೊಳ್ಳುತ್ತಾಳೋ ಹಾಗೆಯೇ ಆ ಮಾತನ್ನೂ ತಗೊಂಡಳು.

ಸೋಮವಾರ ನಮ್ಮ ದೇವರ ವಾರ. ಬಿಸಿಲೇರಿದ ಮೇಲೆ ಮೂವರೂ ಹೊಲಕ್ಕೆ ಹೋದೆವು. ಸ್ವಾತಿಯನ್ನು ಪ್ರೇಮಲಾಳ ಮನೆಯಲ್ಲಿ ಬಿಟ್ಟಿದ್ದೆ. ಮಾವನನ್ನು ಮಣ್ಣು ಮಾಡಿದ ಕಡೆ ಮಳೆಗೆ ಮಣ್ಣು ತುಸು ಕುಸಿದು ಜೋಳದ ಮೊಳಕೆಗಳು ಬಂದಿದ್ದವು, ಯಾರೂ ಬಿತ್ತಿರಲಿಲ್ಲ. ಅತ್ತೆ ಒಡ್ಡಿನ ಮೇಲೆ ಒಂದು ಕಲ್ಲು ತೊಳೆದು ಅದರ ಮೇಲೆ ಭಂಡಾರ ಇಟ್ಟಳು. ಯಾವ ಮಂತ್ರವೂ ಇರಲಿಲ್ಲ, ಅವಳ ಮಾತೇ.

"ಕೇಳಲತ್ತೀಯೇನೋ. ನಿನ್ನ ತಲಿ ಮ್ಯಾಲ ನಾ ಹಾಕ್ಸಿದ ಆಣಿ ನಾನೇ ತೆಗದು ಇಲ್ಲಿ ಇಟ್ಟೀನಿ. ಇನ್ನ ಮ್ಯಾಲ ಅದು ಇವನ ಮ್ಯಾಲಿಲ್ಲ." ಮಗನ ಕಡೆ ತಿರುಗಿದಳು. "ಆತು. ಈಗ ಹೇಳು. ಆಡಿದ್ದಿ?"

"ಆಡಿದ್ದೆ ಅವ್ವಾ."

"ಅಪ್ಪ ಇದ್ದಾಗನೇ?"

"ಹೂಂ. ಆಣಿ ಮಾಡಿ ವಾರ ಆಗಿರ್ಲಿಲ್ಲ."

"ಅಂವ ಹೋದ ದಿನ?"

ಗಂಡ ಕುಕ್ಕರಗಾಲಲ್ಲಿ ಕುಳಿತ. "ಅವತ್ತೂ. ಪೂರ್ಣಿ ಫೋನ್ ಹಚ್ಚಿದ್ಲು. ಸಿಗ್ನಲ್ ಇತ್ತು. ಆಟ ನಡುವ ಕಟ್ ಆಗ್ತದಂತ ಎತ್ತಲಿಲ್ಲ."

ಇದು ನನಗೂ ಗೊತ್ತಿರಲಿಲ್ಲ. ಮೇಲಿಂದ ಮೇಲೆ ಗುಂಡಿ ಒತ್ತುತ್ತ ಆಟೋದ ಹಿಂದೆ ಓಡಿದ್ದು ನೆನಪಾಗಿ ಮೈ ಉರಿದುಹೋಯಿತು. ಅವನನ್ನು ಹಿಡಿದು ಬಡಿಯಬೇಕೆನಿಸಿತು. ಅತ್ತೆಯ ಕೈ ಮೇಲೆದ್ದದ್ದು ಕಂಡು, ಬಡಿಯಲಿ, ಅವಳಾದರೂ ಬಡಿಯಲಿ ಎಂದುಕೊಂಡೆ. ಆ ಕೈ ಅವನ ಮೇಲೆ ಬೀಳಲಿಲ್ಲ. ಒಡ್ಡು ಹಿಡಿದು ಮೆಲ್ಲಗೆ ಕೆಳಗೆ ಕುಳಿತಳು, ತನ್ನ ಹಣೆ ತಾನೇ ಬಡಿದುಕೊಂಡಳು.

"ನೀ ಆಡಿದ್ದು ರೊಕ್ಕ. ನಾ ಆಡಿದ್ದು ಅವನ ತಲಿ" ಎಂದಳು. "ಯಾಕ ನಡುವ ತರ್ತಿ ಅಂದಿದ್ದ. ಕೇಳಲಿಲ್ಲ ನಾ. ಹಿಡದು ಹಚ್ಚಿಬಿಟ್ಟೆ. ನೀ ಎಲ್ಲಿ ತಿಂದೀಯೋ ನಿನ್ನಪ್ಪಗ, ಪಣಕ್ಕ ಇಟ್ಟಾಕಿ ನಾನೇ."

ಅವಳು ಅತ್ತಳು. ಮಾವ ಸತ್ತಾಗ ಊರ ಹೆಂಗಸರ ನಡುವೆ ಹಾಡಿ ಅತ್ತಿದ್ದಳು, ಅದು ಬೇರೆ. ಈಗ ದನಿಯೇ ಇರಲಿಲ್ಲ, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದಳು. ನನಗೆ ಅವಳ ಮೇಲೆ ಎಷ್ಟೋ ವರ್ಷಗಳ ಸಿಟ್ಟಿತ್ತು, ಆ ಗಳಿಗೆಯಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಗಂಡ ಮೊಣಕಾಲ ಮೇಲೆ ಸರಿದು ಅವಳ ಹತ್ತಿರ ಬಂದ. "ಹಂಗ ಅನಬ್ಯಾಡವ್ವ. ಅಪ್ಪಗ ಎದಿಬ್ಯಾನಿ ಮೊದಲಿಂದ ಇತ್ತು. ಸೋಡಾ ಕುಡದು ಕುಡದು ಮುಚ್ಚಿಟ್ಟಿದ್ದ. ನರ ಕಟ್ಟಿತ್ತಂತ ಖೇಡದ ಡಾಕ್ಟರ್ ಹೇಳ್ಯಾನ. ಆಣಿಯಿಂದ ನರ ಕಟ್ಟಂಗಿಲ್ಲವ್ವ. ನೀ ಏನೂ ಮಾಡಿಲ್ಲ ಅಂವಗ."

ಬಸ್ ಸ್ಟ್ಯಾಂಡಿನಲ್ಲಿ ನಾನು ಹೇಳಿ, ಅವನು ಕಿವಿಗೇ ಹಾಕಿಕೊಳ್ಳದೆ ಹೋದ ಮಾತುಗಳು. ಈಗ ಅವನ ಬಾಯಿಂದಲೇ ಬರುತ್ತಿದ್ದವು, ತಾಯಿಯನ್ನು ಉಳಿಸಿಕೊಳ್ಳುವುದಕ್ಕೆ. ಹೇಳುತ್ತ ಹೇಳುತ್ತ ಅವನ ದನಿ ಗಟ್ಟಿಯಾಯಿತು. ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದ. ನಡುವೆ ಒಂದು ಕಡೆ ನಿಂತ, ತಾನು ಏನು ಹೇಳುತ್ತಿದ್ದೇನೆ ಎನ್ನುವುದು ಅವನಿಗೇ ಆಗ ಕೇಳಿಸಿರಬೇಕು.

ಅತ್ತೆ ಮುಖ ಎತ್ತಿದಳು. "ಖರೇ ಅಂತೀಯೇನು?"

"ಖರೇ ಅವ್ವಾ."

"ಆಣಿ ಮಾಡಿ ಹೇಳು."

ಬಾಯಿ ರೂಢಿ. ಅವಳಿಗೆ ತಾನು ಅಂದದ್ದೇ ತಿಳಿದಿರಲಿಲ್ಲ, ಕೈ ಮಾತ್ರ ಕಲ್ಲಿನ ಮೇಲಿನ ಅರಿಶಿನದ ಕಡೆ ಹೋಗಿತ್ತು. ಗಂಡ ಆ ಕೈಯನ್ನು ಅರ್ಧದಲ್ಲೇ ಹಿಡಿದುಕೊಂಡ.

"ಆಣಿ ಮಾಡಂಗಿಲ್ಲವ್ವ. ಸುಮ್ನ ಹೇಳ್ತೀನಿ. ನಂಬು."

ಆಣೆಯಿಲ್ಲದ ಮಾತನ್ನು ನಂಬುವುದು ನಮ್ಮ ಅತ್ತೆಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಮಗ ತೊಟ್ಟಿಲಲ್ಲಿದ್ದಾಗಿನಿಂದ ಅವಳು ಅವನ ಒಂದು ಮಾತನ್ನೂ ಬರಿಗೈಯಲ್ಲಿ ತಗೊಂಡವಳಲ್ಲ. ಅವನ ಮುಖವನ್ನು ನೋಡಿದಳು, ಆ ಗಡ್ಡ, ಆ ನಿದ್ದೆಯಿಲ್ಲದ ಕಣ್ಣು. ನನಗೂ ಒಳಗೊಳಗೇ ಅಂಜಿಕೆ. ಇಲ್ಲಿ ಇವಳು ತಪ್ಪಿದರೆ ಮುಂದೆ ಯಾವ ಡಾಕ್ಟರೂ ಇವನನ್ನು ಹಿಡಿಯಲಾರರು.

"ಆತು" ಎಂದಳು ಅತ್ತೆ. "ನಂಬ್ತೀನಿ."

ಗಂಡ ಅವಳ ಕೈ ಬಿಡಲಿಲ್ಲ.

"ಹಂಗಾದ್ರ ಇದೂ ನಂಬವ್ವ. ನಿನ್ನೆನೂ ಆಡೀನಿ. ಆತ್ಮಾರಾಮ ಊಟಕ್ಕ ಕುಂತಾಗ ಅವನ ಫೋನ್ ಇಸ್ಕೊಂಡು, ಗುಡ್ಡ ಇಳ್ದು."

ಅತ್ತೆ ಕಣ್ಣು ಮುಚ್ಚಿದಳು. ಬೈಗುಳ ಬರುತ್ತದೆಂದು ನಾನು ಕಾದೆ, ಅವನೂ ಕಾದ. ಅವಳು ಕಣ್ಣು ತೆರೆದು, ಹಿಡಿದಿದ್ದ ಅವನ ಕೈಯನ್ನೇ ಊರಿಕೊಂಡು ಎದ್ದು, ಸೀರೆಯ ಮಣ್ಣು ಕೊಡವಿದಳು.

"ಗುರುವಾರ ಡಾಕ್ಟರಮ್ಮಗ ಮೊದಲ ಇದನ್ನ ಹೇಳು" ಎಂದಳು. "ನಾನೂ ಬರ್ತೀನಿ."